ಅಮಾವಾಸ್ಯೆಯ ಮಗ್ಗ

ಘಾಟಿ ರಸ್ತೆಯ ಹೊಂಗೆ ಮರದ ಬುಡದಲ್ಲಿ ಬಿದ್ದಿದ್ದವನನ್ನು ಮೊದಲು ನೋಡಿದ್ದು, ಸಂಜೆ ಡೇರಿಗೆ ಹಾಲು ಹಾಕಲು ಹೊರಟಿದ್ದ ಒಬ್ಬ ಹೆಂಗಸು. ಯಾರೋ ಕುಡಿದು ಬಿದ್ದಿದ್ದಾನೆ ಎಂದುಕೊಂಡು ಮುಖ ತಿರುಗಿಸಿ ಮುಂದೆ ಹೋದಳು. ಹೋದವಳಿಗೆ ಏನೋ ಅನುಮಾನ ಬಂತು. ತಿರುಗಿ ನೋಡಿದಳು. ಅವನ ಬಲಗೈ ಕೈಯಂತಿರಲಿಲ್ಲ. ಹಾಲಿನ ಕ್ಯಾನು ಅಲ್ಲೇ ಇಟ್ಟು ಕೂಗಿಕೊಂಡಳು.

ದೊಡ್ಡಬಳ್ಳಾಪುರ ಠಾಣೆಯ ಎಎಸ್‌ಐ ಅನುಸೂಯಮ್ಮ ಬರುವ ಹೊತ್ತಿಗೆ ಆಂಬುಲೆನ್ಸ್ ಅವನನ್ನು ಎತ್ತಿಕೊಂಡು ಹೋಗಿತ್ತು. ಅನುಸೂಯಮ್ಮನವರಿಗೆ ಮಂಡಿನೋವು. ಜೀಪು ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಇಲಾಖೆಯನ್ನು ಬೈಯುವುದು ಅವರ ವಾಡಿಕೆ. ಬೈದುಕೊಂಡೇ ರಸ್ತೆ ಪಕ್ಕದ ಹಳ್ಳಕ್ಕೆ ಇಳಿದರು.

ಬೈಕು ಎಡಕ್ಕೆ ಮಗುಚಿ ಬಿದ್ದಿತ್ತು. ಕನ್ನಡಿ ಕೂಡ ಒಡೆದಿರಲಿಲ್ಲ.

“ಎಣ್ಣೆ ಕೇಸು ಮೇಡಂ,” ಎಂದ ಜೀಪಿನ ಡ್ರೈವರ್ ಆಂಜಿನಪ್ಪ. “ಶರ್ಟೆಲ್ಲ ಘಮ್ ಅಂತಿತ್ತಂತೆ. ಬರ್ಕೊಂಡು ಹೋಗೋಣ.”

“ಎಡಕ್ಕೆ ಬಿದ್ದೋನಿಗೆ ಬಲಗೈ ಹೆಂಗಯ್ಯಾ ನುಜ್ಜಾಯ್ತು?”

“ಲಾರಿ ಹತ್ತಿರ್ಬೇಕು.”

“ಹತ್ತಿದ್ರೆ ರಕ್ತ ಎಲ್ಲಿ?”

ಆಂಜಿನಪ್ಪ ನೆಲ ನೋಡಿದ. ಒಣಗಿದ ಎಲೆಗಳ ಮೇಲೆ ಒಂದೆರಡು ಕಡೆ ಕಲೆ ಇತ್ತು, ಅಷ್ಟೇ. ಕೈ ನಜ್ಜುಗುಜ್ಜಾದವನು ಬಿದ್ದ ಜಾಗದಲ್ಲಿ ಇಷ್ಟೇ ರಕ್ತವೇ?

“ಕಾಲಲ್ಲಿ ಚಪ್ಪಲೀನೂ ಇರ್ಲಿಲ್ವಂತೆ,” ಎಂದ ಆಂಜಿನಪ್ಪ. “ಹರಕೆ ಹೊತ್ತು ಬರಿಗಾಲಲ್ಲಿ ಘಾಟಿ ದೇವಸ್ಥಾನಕ್ಕೆ ಹೋಗೋರಿದಾರೆ ಬಿಡಿ.”

ಅನುಸೂಯಮ್ಮ ಲಾಠಿಯಲ್ಲಿ ಹಳ್ಳದ ಹುಲ್ಲನ್ನೆಲ್ಲ ಕೆದಕಿದರು. ಚಪ್ಪಲಿ ಸಿಗಲಿಲ್ಲ.

*

ಬಿದ್ದಿದ್ದವನ ಹೆಸರು ಮುನೀಂದ್ರ. ರಾಮಲಿಂಗಯ್ಯ ಎಂಬುವರ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವವನು. ಜೇಬಿನಲ್ಲಿದ್ದ ಫೋನು ನೋಡಿ ಆಸ್ಪತ್ರೆಯವರೇ ಹೆಂಡತಿಗೆ ಹೇಳಿಕಳಿಸಿದ್ದರು.

ಡಾಕ್ಟರ್ ಪ್ರಿಯಾಂಕ ಕೈಗವಸು ಬಿಚ್ಚುತ್ತಾ ಹೊರಗೆ ಬಂದರು. “ಮಣಿಕಟ್ಟಿನಿಂದ ಮುಂದಕ್ಕೆ ತೆಗೀಬೇಕಾಯ್ತು. ಪೆಟ್ಟು ಬಿದ್ದು ತುಂಬಾ ಹೊತ್ತಾಗಿದೆ. ಬೇಗ ತಂದಿದ್ರೆ ಉಳಿಸಬಹುದಿತ್ತೇನೋ.”

“ಜೀವಕ್ಕೆ?”

“ಪರವಾಗಿಲ್ಲ. ತಲೆಗೂ ಪೆಟ್ಟಾಗಿದೆ, ನಾಳೆ ಎಚ್ಚರ ಆಗುತ್ತೆ. ಆದ್ರೆ ಒಂದು ವಿಷ್ಯ. ಮೊಣಕೈ ಮೇಲೆ ಬಟ್ಟೆ ಬಿಗಿದು ಕಟ್ಟಿದ ಗುರುತಿದೆ. ರಕ್ತ ನಿಲ್ಲಿಸೋಕೆ ಯಾರೋ ಕಟ್ಟಿದಾರೆ. ಆಮೇಲೆ ಬಿಚ್ಚಿದಾರೆ.”

“ಕುಡಿದಿದ್ನಾ?”

“ಶರ್ಟು ಕುಡಿದಿದೆ. ಮನುಷ್ಯ ಕುಡಿದಿಲ್ಲ.”

ಅನುಸೂಯಮ್ಮನವರಿಗೆ ಈ ಡಾಕ್ಟರು ಹಿಡಿಸಿದರು. ಹೇಳಬೇಕಾದ್ದನ್ನು ಹೇಳಿ ಹೋಗುವವರು ಸರಕಾರಿ ಕೆಲಸದಲ್ಲಿ ಸಿಗುವುದು ಅಪರೂಪ.

ಕಾರಿಡಾರಿನ ಬೆಂಚಿನ ಮೇಲೆ ಮುನೀಂದ್ರನ ಹೆಂಡತಿ ಅನಿತ ಕೂತಿದ್ದಳು. ಪಕ್ಕದಲ್ಲಿ ಅವಳ ಅಣ್ಣ ಗುರು ನಿಂತಿದ್ದ. ಅವನ ಎಡಗೈಯಲ್ಲಿ ಮೂರೇ ಬೆರಳು.

“ಇದು ರಸ್ತೇಲಿ ಆಗಿರೋ ಪೆಟ್ಟಲ್ಲ ಮೇಡಂ,” ಎಂದ ಗುರು. “ಮಿಷಿನ್ ಎಳ್ಕೊಂಡಿರೋದು. ನಾನು ಕರಾವಳೀಲಿ ಹಡಗು ಕಟ್ಟೋ ಯಾರ್ಡಲ್ಲಿ ವೆಲ್ಡರ್ ಆಗಿದ್ದೋನು. ಇಂಥ ಕೈ ತುಂಬಾ ನೋಡಿದೀನಿ.” ತನ್ನ ಕೈಯನ್ನೇ ಎತ್ತಿ ತೋರಿಸಿದ. “ನನ್ನ ಬೆರಳು ಹೋದಾಗ, ಮನೇಲಿ ಬಾಗಿಲಿಗೆ ಸಿಕ್ಕಿಸ್ಕೊಂಡ ಅಂತ ಬರೆಸೋಕೆ ನೋಡ್ದ ಆ ಕಂಟ್ರಾಕ್ಟರ್. ಜೊತೆಯೋರು ಬಿಡ್ಲಿಲ್ಲ. ಕೆಲಸದ ಜಾಗದಲ್ಲಿ ಪೆಟ್ಟಾದ್ರೆ ಮಾಲೀಕ ಪರಿಹಾರ ಕೊಡ್ಲೇಬೇಕು, ಕಾನೂನಿದೆ. ಹಡಗು ಕಟ್ಟೋನಾದ್ರೂ ಅಷ್ಟೇ, ಸೀರೆ ನೇಯೋನಾದ್ರೂ ಅಷ್ಟೇ. ಕುಡಿದು ಗಾಡಿಯಿಂದ ಬಿದ್ದ ಅಂತ ನೀವು ಬರೆದ್ರೆ ನಮ್ ಭಾವನ ಕತೆ ಮುಗೀತು. ಒಂದು ಕೈಯಲ್ಲಿ ಯಾವ ಮಗ್ಗ ನಡೆಸ್ತಾನೆ?”

“ಸುಮ್ನಿರಣ್ಣಾ,” ಎಂದಳು ಅನಿತ. “ಇವತ್ತು ಅಮಾವಾಸ್ಯೆ. ಮಗ್ಗ ಎಲ್ಲಿ ಓಡುತ್ತೆ?”

ಅದು ನಿಜ. ಅಮಾವಾಸ್ಯೆ ದಿನ ಹಳಬರ ಶೆಡ್ಡುಗಳಲ್ಲಿ ಮಗ್ಗ ನಿಲ್ಲಿಸುತ್ತಾರೆ. ಮಗ್ಗಕ್ಕೆ ಕುಂಕುಮವಿಟ್ಟು, ಹೂವೇರಿಸಿ, ಬೀಗ ಹಾಕುತ್ತಾರೆ. ದಿನವಿಡೀ ಖಟಖಟ ಎನ್ನುವ ಬೀದಿಗಳು ಅವತ್ತು ಬಾಯಿ ಮುಚ್ಚಿಕೊಂಡಿರುತ್ತವೆ. ಗುರುವಿನ ಬಾಯಿಯೂ ಮುಚ್ಚಿತು.

“ಎಲ್ಲಿಗೆ ಅಂತ ಹೇಳಿ ಹೋದ?” ಎಂದು ಕೇಳಿದರು ಅನುಸೂಯಮ್ಮ.

“ಘಾಟಿಗೆ ಹೋಗ್ಬರ್ತೀನಿ ಅಂದ್ರು. ಬೆಳಿಗ್ಗೆ ಚಪ್ಪಲಿ ಕಿತ್ತೋಗಿತ್ತು. ಮನೇಲಿದ್ದ ಕೆಂಪು ರೇಷ್ಮೆ ನೂಲಲ್ಲಿ ನಾನೇ ಹೊಲಿದು ಕೊಟ್ಟೆ. ನೂಲು ಎದ್ದು ಕಾಣುತ್ತೆ ಅಂತ ನಗ್ತಾ ಹಾಕ್ಕೊಂಡು ಹೋದ್ರು.” ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಅತ್ತುಬಿಟ್ಟಳು. “ಆ ಚಪ್ಪಲೀನಾದ್ರೂ ಸಿಕ್ತಾ ಮೇಡಂ?”

ಅನುಸೂಯಮ್ಮನವರಿಗೆ ಸಂಕಟವಾಯಿತು. ಸಿಗಲಿಲ್ಲ ಎಂದರು. ಆಂಜಿನಪ್ಪನ ಹರಕೆಯ ಮಾತು ಅಲ್ಲಿಗೆ ಬಿದ್ದುಹೋಯಿತು.

*

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದರು. ಊರಾಚೆಯ ಶೆಡ್ಡು. ಪಕ್ಕದಲ್ಲೇ ಗ್ರಾನೈಟ್ ಕೊಯ್ಯುವ ಜಾಗ. ಅದರ ಕಿರುಚಾಟದಲ್ಲಿ ನಮ್ಮ ಮಾತು ನಮಗೇ ಕೇಳದು. ನೂಲು ಸುತ್ತಿದ ಬೀಮುಗಳನ್ನು ಸಾಗಿಸುವ ಟೆಂಪೋ ಹೊರಗೆ ನಿಂತಿತ್ತು, ಅದಕ್ಕೊಂದು ಹಲಗೆ ಒರಗಿಸಿತ್ತು. ಬಾಗಿಲ ಬಳಿ ಕೆಲಸದವರ ಚಪ್ಪಲಿಗಳು ರಾಶಿ ಬಿದ್ದಿದ್ದವು.

ಬಾಗಿಲಲ್ಲೇ ಎದುರಾದವನು ರಾಜೇಂದ್ರ, ರಾಮಲಿಂಗಯ್ಯನವರ ಅಳಿಯ. ಇಸ್ತ್ರಿ ಮಾಡಿದ ಶರ್ಟು, ಮೆತ್ತನೆಯ ಮಾತು.

“ಶೂ ಬಿಚ್ಬೇಕಾಗುತ್ತೆ ಮೇಡಂ. ಮಗ್ಗ ಅಂದ್ರೆ ನಮಗೆ ತಾಯಿ. ಚಪ್ಪಲಿ ಹಾಕ್ಕೊಂಡು ಯಾರೂ ಒಳಗೆ ಹೋಗಲ್ಲ.”

ಅನುಸೂಯಮ್ಮ ಮಂಡಿ ಹಿಡಿದು ಬಗ್ಗಿ, ಲೇಸು ಬಿಚ್ಚಿ, ಇಲಾಖೆಯನ್ನು ಇನ್ನೊಮ್ಮೆ ಬೈದರು.

ಒಳಗೆ ಎಂಟು ಮಗ್ಗ. ಎಲ್ಲದರ ಹಣೆಗೂ ಕುಂಕುಮ. ಎಲ್ಲದರ ಮೇಲೂ ಬಾಡಿದ ಸೇವಂತಿಗೆ.

“ಮಾವ ಅತ್ತೆ ಇಲ್ಲೇ ಪಕ್ಕದ ಮಧುರೆ ಹಳ್ಳೀಲಿದಾರೆ. ಅದಕ್ಕೆ ಈಗ ಎಲ್ಲ ನಾನೇ ನೋಡ್ಕೊಳ್ತಿರೋದು. ಮದುವೆ ಸೀಸನ್ನು, ಸೀರೆ ಅಂಗಡಿಯೋರ ಅವಸರ ಬೇರೆ. ನಿನ್ನೆ ಬೆಳಿಗ್ಗೇನೇ ಪೂಜೆ ಮುಗಿಸಿ ಬೀಗ ಹಾಕ್ಬಿಟ್ಟೆ. ಕೆಲಸದೋರಿಗೆಲ್ಲ ರಜ. ಪಾಪ, ಮುನೀಂದ್ರ ಒಳ್ಳೆ ಕೆಲಸಗಾರ. ಈಚೆಗೆ ಸ್ವಲ್ಪ ಅಭ್ಯಾಸ ಜಾಸ್ತಿ ಆಗಿತ್ತು.” ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ತೋರಿಸಿದ.

ಕೊನೆಯ ಮಗ್ಗದ ಹತ್ತಿರ ಅನುಸೂಯಮ್ಮ ನಿಂತರು. ಬೇರೆಲ್ಲ ಮೋಟರುಗಳ ಬೆಲ್ಟುಗಳು ನೂಲಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ್ದವು. ಇದರದು ಕಪ್ಪಗೆ ಹೊಳೆಯುತ್ತಿತ್ತು. ಯಾವ ಬೆಲ್ಟಿನ ಮೇಲೂ ಕೈ ಸಿಕ್ಕದಂತೆ ಮುಚ್ಚುವ ಜಾಲರಿ ಇರಲಿಲ್ಲ.

“ಹೊಸ ಬೆಲ್ಟಾ?”

“ಹಳೇದು ಸವೆದಿತ್ತು ಮೇಡಂ.”

ಸವೆದ ಬೆಲ್ಟು ಬದಲಾಯಿಸುವುದು ತಪ್ಪಲ್ಲ. ಅನುಸೂಯಮ್ಮ ಆಚೆ ಬಂದು ಶೂ ಹಾಕಿಕೊಂಡರು. ನೇಯುತ್ತಿದ್ದವರೂ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುತ್ತಮ್ಮ ಎಂಬ ಹೆಂಗಸೂ ತಲೆ ಎತ್ತಿ ನೋಡಲಿಲ್ಲ. ಪೊಲೀಸರು ಬಂದಾಗ ತಲೆ ಎತ್ತಿ ನೋಡದ ಜನರನ್ನು ಅವರು ಇದೇ ಮೊದಲು ಕಂಡದ್ದು.

*

ಆ ಮಧ್ಯಾಹ್ನ ಒಂದು ಟಿಪ್ಪರ್ ಸಿಕ್ಕಿತು. ಹಿಂದಿನ ದಿನ ಘಾಟಿ ರಸ್ತೆಯಲ್ಲಿ ಯದ್ವಾತದ್ವಾ ಓಡಿದ್ದನ್ನು ನೋಡಿದವರಿದ್ದರು. ಮುಂದಿನ ಮಡ್‌ಗಾರ್ಡು ನಗ್ಗಿಹೋಗಿತ್ತು. ಆಂಜಿನಪ್ಪ ಗೆದ್ದವನಂತೆ ಡ್ರೈವರ್ ಆವಲಪ್ಪನನ್ನು ಠಾಣೆಗೆ ಕರೆತಂದ. ಆವಲಪ್ಪ ಗಳಗಳನೆ ಅತ್ತ. ಮಡ್‌ಗಾರ್ಡು ನಗ್ಗಿದ್ದು ಮಾಲೀಕನ ಮನೆಯ ಗೇಟಿಗೆ ಗುದ್ದಿ. ಅದನ್ನು ಮುಚ್ಚಿಡಲು ಅವನು ಪಡುತ್ತಿದ್ದ ಪಾಡು ನೋಡಿ ಠಾಣೆಯೆಲ್ಲ ನಕ್ಕಿತು. ಆ ಮನೆಗೆ ಹೋಗಿ ನೋಡಿದರೆ ಗೇಟಿನಲ್ಲಿ ಟಿಪ್ಪರಿನ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಅವನನ್ನು ಬಿಟ್ಟು ಕಳಿಸಿದರು.

ಅಷ್ಟರಲ್ಲಿ ಮುನೀಂದ್ರನಿಗೆ ಎಚ್ಚರವಾಗಿದೆ ಎಂದು ಫೋನು ಬಂತು. ಅನುಸೂಯಮ್ಮ ಹೋದಾಗ ಮಂಚದ ಪಕ್ಕ ಮೂಸಂಬಿಯ ಚೀಲ ಇತ್ತು. ರಾಜೇಂದ್ರ ಬಂದು ಹೋಗಿದ್ದ.

“ಏನಾಯ್ತಪ್ಪಾ?”

“ಗಾಡಿಯಿಂದ ಬಿದ್ದೆ ಮೇಡಂ.” ಅವನು ಗೋಡೆ ನೋಡುತ್ತಿದ್ದ.

“ಕೈ ಯಾವುದಕ್ಕೆ ಸಿಕ್ಕಿಹಾಕ್ಕೊಳ್ತು?”

“ಗೊತ್ತಿಲ್ಲ. ನನ್ನ ತಪ್ಪು. ಎಲ್ಲಾ ನನ್ನದೇ ತಪ್ಪು.”

ಗುರು ತಡೆಯಲಾರದೆ, “ಯಾಕ್ ಭಾವ ಸುಳ್ಳು ಹೇಳ್ತೀಯಾ? ಯಾರಿಗೆ ಹೆದರ್ತಿದೀಯಾ?” ಎಂದು ಕೂಗಾಡಿದ. ಮುನೀಂದ್ರ ಕಣ್ಣು ಮುಚ್ಚಿಕೊಂಡ. ಏಟು ತಿಂದವನೇ ಏಟು ಬಿದ್ದಿಲ್ಲ ಎನ್ನುವಾಗ ಪೊಲೀಸರು ಮಾಡುವುದಾದರೂ ಏನು? ಅನುಸೂಯಮ್ಮನವರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

*

ಶೆಡ್ಡಿನ ಮಾಲೀಕನನ್ನೂ ಒಂದು ಮಾತು ಕೇಳಿಬಿಡೋಣ ಎಂದು ಮಾರನೆಯ ದಿನ ಮಧುರೆಗೆ ಹೊರಟರು. ರಾಮಲಿಂಗಯ್ಯ ಅಣ್ಣನ ಮನೆಯ ಜಗಲಿಯ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಅವರ ಹೆಂಡತಿ ಆದಿಲಕ್ಷ್ಮಮ್ಮ ಬಾಗಿಲಿಗೆ ಬಂದು ಕೈ ಮುಗಿದರು.

“ಕೂತ್ಕೊಳಿ ತಾಯಿ. ಕಾಫಿ ಕೊಡೋ ಹಾಗಿಲ್ಲ, ಬೇಜಾರ್ ಮಾಡ್ಕೋಬೇಡಿ. ನಮ್ ಭಾವ ಹೋಗಿ ಇನ್ನೂ ವಾರ ಆಗಿಲ್ಲ. ಸೂತಕದ ಮನೆ.”

ಅನುಸೂಯಮ್ಮ ಕುಂದಾಣದ ರೈತರ ಮನೆಯವರು. ಮಗ್ಗದ ವಿಚಾರ ಅವರಿಗೆ ಅಷ್ಟಕ್ಕಷ್ಟೇ. ಆದರೆ ಸೂತಕ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ದೇವರ ಗೂಡು ಕತ್ತಲಾಗಿತ್ತು. ದೀಪ ಹಚ್ಚಿರಲಿಲ್ಲ.

“ಯಜಮಾನ್ರೇ, ಈ ಅಮಾವಾಸ್ಯೆಗೆ ಮಗ್ಗದ ಪೂಜೆ ಹೇಗೆ ಮಾಡಿದ್ರಿ?”

ರಾಮಲಿಂಗಯ್ಯ ಅವರನ್ನು ವಿಚಿತ್ರವಾಗಿ ನೋಡಿದರು. “ಸೂತಕದಲ್ಲಿ ಪೂಜೆ ಎಲ್ಲಿ ಬಂತಮ್ಮಾ? ಹನ್ನೊಂದು ಕಳೆದು ಶುದ್ಧ ಆಗೋವರೆಗೂ ನಮ್ಮ ಮಗ್ಗಕ್ಕೆ ಕುಂಕುಮ ಇಡೋ ಹಾಗಿಲ್ಲ. ನಿಲ್ಸಿ ಬೀಗ ಹಾಕಪ್ಪಾ, ಅಷ್ಟು ಸಾಕು ಅಂತ ಅಳಿಯಂದ್ರಿಗೆ ಹೇಳಿ ಬಂದಿದ್ದೆ.”

“ಅಳಿಯಂದ್ರಿಗೆ ಸೂತಕ ಇಲ್ವಾ?”

“ಅವರಿಗೆಲ್ಲಿದು? ಅವರು ಬೇರೆ ಮನೆತನ. ಅವರ ಪಾಡಿಗೆ ಅವರು ಸ್ನಾನ, ದೀಪ, ಊಟ ಅಂತ ಇರ್ತಾರೆ.”

ಅನುಸೂಯಮ್ಮ ಎದ್ದರು. ಈ ಸಲ ಮಂಡಿಯ ನೆನಪಾಗಲಿಲ್ಲ.

“ನೀವು ಈಗಲೇ ನನ್ನ ಜೊತೆ ಶೆಡ್ಡಿಗೆ ಬರ್ಬೇಕು ಯಜಮಾನ್ರೇ. ಆಂಜಿನಪ್ಪಾ, ದಾರೀಲಿ ಆ ಹುಡುಗಿ ಅನಿತನ್ನೂ ಹತ್ತಿಸ್ಕೋ.”

*

ಅವರು ಮುಟ್ಟುವಾಗ ಕೆಲಸ ಬಿಡುವ ಹೊತ್ತು. ಅನುಸೂಯಮ್ಮ ಯಾರನ್ನೂ ಏನೂ ಕೇಳಲಿಲ್ಲ. ಬಾಗಿಲ ಎದುರು ಒಂದು ಖಾಲಿ ಬೀಮಿನ ಮೇಲೆ ಕೂತುಬಿಟ್ಟರು. ರಾಜೇಂದ್ರ ಕುರ್ಚಿ ತರಿಸುತ್ತೇನೆಂದ. ಬೇಡವೆಂದರು. ಮಾವನನ್ನು ಕಂಡು ಅವನ ಮುಖ ಸಪ್ಪಗಾಗಿತ್ತು.

ಮಗ್ಗಗಳು ಒಂದೊಂದೇ ನಿಂತವು. ಕೆಲಸದವರು ಹೊರಗೆ ಬಂದರು. ಒಬ್ಬ ರಬ್ಬರ್ ಚಪ್ಪಲಿ ಮೆಟ್ಟಿಕೊಂಡ. ಇನ್ನೊಬ್ಬ ಕಾಲಲ್ಲೇ ತಡಕಿ ತನ್ನದನ್ನು ಎಳೆದುಕೊಂಡ. ಕೊನೆಗೆ ಮುತ್ತಮ್ಮ ಬಂದು ತನ್ನ ಜೊತೆ ಹಾಕಿಕೊಂಡಳು. ಬೆಳಿಗ್ಗೆಯಿಂದ ರಾಶಿಯಾಗಿದ್ದ ಜಾಗ ಖಾಲಿಯಾಯಿತು.

ಒಂದು ಜೊತೆ ಉಳಿಯಿತು.

“ಇದು ಯಾರದು?” ಎಂದು ಕೇಳಿದರು ಅನುಸೂಯಮ್ಮ.

ಅನಿತ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. ಬಲಗಾಲಿನ ಚಪ್ಪಲಿ ಕೈಗೆತ್ತಿಕೊಂಡಳು. ಪಟ್ಟಿಯ ಬುಡದಲ್ಲಿ ಕೆಂಪು ರೇಷ್ಮೆಯ ಹೊಲಿಗೆ ಎದ್ದು ಕಾಣುತ್ತಿತ್ತು.

“ಅಮಾವಾಸ್ಯೆ ಬೆಳಿಗ್ಗೆ ನಾನು ಹೊಲಿದಿದ್ದು,” ಎಂದಳು. “ಇವರು ಇಲ್ಲಿಗೆ ಬಂದಿದ್ರು.”

“ಹಳೇ ಚಪ್ಪಲಿ ಮೇಡಂ, ಯಾವಾಗಲೋ ಬಿಟ್ಟುಹೋಗಿರ್ತಾನೆ,” ಎಂದ ರಾಜೇಂದ್ರ.

“ಅಮಾವಾಸ್ಯೆ ಬೆಳಿಗ್ಗೆ ಹೊಲಿದಿದ್ದನ್ನ ಅದಕ್ಕೆ ಮುಂಚೆ ಹೆಂಗೆ ಬಿಟ್ಟುಹೋಗ್ತಾನೆ? ಬೀಗ ಹಾಕಿದ್ದ ಶೆಡ್ಡಿಗೆ ಬಂದು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಘಾಟಿಗೆ ಹೋದ್ನಾ?” ಅನುಸೂಯಮ್ಮ ರಾಮಲಿಂಗಯ್ಯನವರತ್ತ ತಿರುಗಿದರು. “ಒಳಗೆ ಹೋಗಿ ನಿಮ್ಮ ಮಗ್ಗಗಳನ್ನ ಒಂದ್ಸಲ ನೋಡ್ಕೊಂಡು ಬನ್ನಿ.”

ಮುದುಕರು ಒಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು. ಮುಖ ಕೆಂಪಗಾಗಿತ್ತು.

“ಕುಂಕುಮ ಯಾರಿಟ್ರು? ಸೂತಕದಲ್ಲಿ ಕುಂಕುಮ ಯಾರಿಟ್ರು ನನ್ನ ಮಗ್ಗಕ್ಕೆ?”

“ನಮಗೂ ಆಶ್ಚರ್ಯ ಆಯ್ತು ಯಜಮಾನ್ರೇ,” ಎಂದಳು ಮುತ್ತಮ್ಮ. “ಕೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ನಿದ್ವಿ.”

ರಾಜೇಂದ್ರ ಬಾಗಿಲ ಚೌಕಟ್ಟಿಗೆ ಒರಗಿಕೊಂಡ. ಅನುಸೂಯಮ್ಮ ಕೂತಲ್ಲಿಂದಲೇ ಹೇಳತೊಡಗಿದರು.

“ಮದುವೆ ಸೀಸನ್ನು. ಸೀರೆ ಅಂಗಡಿಯೋರು ಅವಸರ ಮಾಡ್ತಿದ್ರು. ಮಾವ ಊರಲ್ಲಿಲ್ಲ. ಒಂದು ಮಗ್ಗ ಓಡಿಸಿದ್ರೆ ಪಕ್ಕದ ಗ್ರಾನೈಟ್ ಸದ್ದಲ್ಲಿ ಯಾರಿಗೂ ಕೇಳಿಸಲ್ಲ. ಮುನೀಂದ್ರನ್ನ ಒಬ್ಬನ್ನೇ ಕರೆಸಿದ್ರಿ. ಅಮಾವಾಸ್ಯೆ ದಿನ ಮಗ್ಗ ಮುಟ್ತೀನಿ ಅಂದ್ರೆ ಮನೇಲಿ ಬಿಡಲ್ಲ ಅಂತ ಅವನು ಘಾಟಿ ಅಂದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದ. ಜಾಲರಿ ಇಲ್ಲದ ಬೆಲ್ಟು ಕೈ ಎಳ್ಕೊಳ್ತು. ನೀವು ಕೈಗೆ ಬಟ್ಟೆ ಕಟ್ಟಿದ್ರಿ. ಅಲ್ಲೀವರೆಗೂ ನೀವು ಮನುಷ್ಯರಾಗೇ ಇದ್ರಿ.”

“ಮೇಡಂ, ನಾನು…”

“ಆಮೇಲೆ ಲೆಕ್ಕಾಚಾರ ಶುರುವಾಯ್ತು. ಶೆಡ್ಡಲ್ಲಿ ಆಗಿದ್ದು ಅಂದ್ರೆ ಪರಿಹಾರ ಕೊಡ್ಬೇಕು, ಮಾವಂಗೆ ಉತ್ತರ ಹೇಳ್ಬೇಕು. ಬೀಮ್ ಏರಿಸೋ ಹಲಗೆ ಮೇಲೆ ಬೈಕ್ ತಳ್ಳಿ ಟೆಂಪೋಗೆ ಹಾಕಿದ್ರಿ, ಅವನನ್ನೂ ಮಲಗಿಸಿದ್ರಿ. ಘಾಟಿ ರಸ್ತೇಲಿ ಇಳಿಸಿ, ಕಟ್ಟು ಬಿಚ್ಚಿ, ಶರ್ಟಿನ ಮೇಲೆ ಎಣ್ಣೆ ಸುರಿದು ಬಂದ್ರಿ. ಹೊಸ ಬೆಲ್ಟ್ ಹಾಕಿದ್ರಿ. ರಜ ಅಂತ ತೋರಿಸೋಕೆ ಪ್ರತಿ ಅಮಾವಾಸ್ಯೆ ಹಾಗೇ ಕುಂಕುಮ, ಹೂವು ಇಟ್ರಿ. ನಿಮಗೆ ಸೂತಕ ಇಲ್ಲ ನೋಡಿ, ಅದಕ್ಕೇ ಮರೆತುಹೋಯ್ತು. ಚಪ್ಪಲಿ ಬಾಗಿಲಲ್ಲಿರೋದು ದಿನಾ ನೋಡೋದೇ ಆಗಿದ್ರಿಂದ ಅದೂ ಕಣ್ಣಿಗೆ ಬೀಳಲಿಲ್ಲ.” ಅನುಸೂಯಮ್ಮ ಎದ್ದು ನಿಂತರು. “ಇಲ್ಲಿಂದ ನೇರ ಆಸ್ಪತ್ರೆಗೆ ಹೋಗಿದ್ರೆ ಆ ಕೈ ಉಳೀತಿತ್ತೇನೋ. ಡಾಕ್ಟ್ರೇ ಹೇಳಿದ್ದು.”

ರಾಜೇಂದ್ರ ಮಾವನ ಕಡೆ ಎರಡು ಹೆಜ್ಜೆ ಬಂದ. “ಅವನು ಸತ್ತೇಹೋಗ್ತಾನೆ ಅಂತ ಭಯ ಆಯ್ತು ಮಾವ,” ಎಂದ. ರಾಮಲಿಂಗಯ್ಯ ಅವನ ಕಡೆ ನೋಡಲಿಲ್ಲ.

“ನಾನು ಬೇಡ ಅಂದಿದ್ದೆ ತಾಯಿ,” ಎಂದರು ಅನುಸೂಯಮ್ಮನವರಿಗೆ. “ನಾನು ಹೇಳದೆ ಓಡಿಸಿದ್ದಕ್ಕೆ ನಾನ್ ಹೆಂಗೆ ಹೊಣೆ?”

“ಮಗ್ಗ ಯಾರದು?”

ಮುದುಕರು ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು.

“ಬೆಲ್ಟಿಗೆ ಜಾಲರಿ ಯಾಕಿಲ್ಲ?”

“ಯಾವ ಶೆಡ್ಡಲ್ಲಿದೆ ಹೇಳಿ? ನೂಲು ಸಿಕ್ಕಿಹಾಕ್ಕೊಂಡ್ರೆ ಬಿಡಿಸೋಕೆ ತಡ ಆಗುತ್ತೆ ಅಂತ ನಾನೇ ತೆಗೆಸಿದ್ದೆ.” ಹೇಳಿದ ಮೇಲೆ ಏನು ಹೇಳಿದೆ ಎಂದು ಅವರಿಗೇ ಅರಿವಾಯಿತು. ಅನಿತಳ ಕೈಯಲ್ಲಿದ್ದ ಚಪ್ಪಲಿಯನ್ನು ನೋಡುತ್ತಾ ನಿಂತರು. ಆಮೇಲೆ, “ಹಾಗೇ ಬರ್ಕೊಳಿ,” ಎಂದರು.

*

ಆಸ್ಪತ್ರೆಯಲ್ಲಿ ಅನಿತ ಚಪ್ಪಲಿಯನ್ನು ಮಂಚದ ಕೆಳಗಿಟ್ಟಳು. ಮುನೀಂದ್ರ ಅದನ್ನು ನೋಡಿದ. ಇನ್ನು ಗೋಡೆ ನೋಡುವುದರಲ್ಲಿ ಅರ್ಥವಿರಲಿಲ್ಲ.

“ನಾನು ಯಾರಿಗೂ ಹೆದರಿ ಸುಳ್ಳು ಹೇಳ್ಲಿಲ್ಲ ಮೇಡಂ,” ಎಂದ. “ಅಮಾವಾಸ್ಯೆ ದಿನ ಮಗ್ಗ ಮುಟ್ಟಿದೆ. ಮನೇಲಿ ದೇವರ ಹೆಸರು ಹೇಳಿ ಸುಳ್ಳಾಡಿದೆ. ತಾಯಿ ಕೈ ತಗೊಂಡ್ಲು. ಅದಕ್ಕೆ ಯಾರ ಹತ್ರ ಪರಿಹಾರ ಕೇಳಲಿ? ರಾಜೇಂದ್ರಣ್ಣನೂ ಅದನ್ನೇ ಅಂದ್ರು.”

ಅನುಸೂಯಮ್ಮ ಮಂಚದ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡು ಕೂತರು. ಮನಸ್ಸು ಕರಗಿದರೆ ಗದರುವುದು ಅವರ ಸ್ವಭಾವ.

“ಲೇ ಮುನೀಂದ್ರ, ಕೇಳು. ಆ ಬೆಲ್ಟಿಗೆ ಜಾಲರಿ ಇದ್ದಿದ್ರೆ ಅಮಾವಾಸ್ಯೆ ದಿನ ನಿನ್ನ ಕೈ ಹೋಗ್ತಿತ್ತಾ?”

ಅವನು ಯೋಚಿಸಿದ. “ಇಲ್ಲ.”

“ಜಾಲರಿ ಇಲ್ಲದೆ ಹುಣ್ಣಿಮೆ ದಿನ ಸಿಕ್ಕಿದ್ರೆ ಉಳೀತಿತ್ತಾ?”

“ಇಲ್ಲ.”

“ಅಂದ್ಮೇಲೆ ತಾಯಿ ಮೇಲೆ ಯಾಕಯ್ಯಾ ಕೇಸು ಹಾಕ್ತೀಯಾ? ಕೈ ತಗೊಂಡಿದ್ದು ಬೆಲ್ಟು. ಪರಿಹಾರ ಅನ್ನೋದು ನಿನಗೆ ಹಾಕೋ ಭಿಕ್ಷೆ ಅಲ್ಲ, ನಿನ್ನ ಹಕ್ಕು.”

ಮುನೀಂದ್ರನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಬಲಗೈ ಎತ್ತಿದ. ಬ್ಯಾಂಡೇಜು ಕಂಡು ಇಳಿಸಿದ. ಆಮೇಲೆ ನಿಧಾನವಾಗಿ, ಮೊದಲಿಂದ, ಎಲ್ಲ ಹೇಳಿದ. ಆಂಜಿನಪ್ಪ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿ ಮುಗಿಸಿ, ಅಭ್ಯಾಸಬಲದಿಂದ ಶಾಯಿಯ ಡಬ್ಬಿ ತೆಗೆದ.

“ಹೆಬ್ಬೆಟ್ಟು ಬೇಡಣ್ಣಾ,” ಎಂದ ಮುನೀಂದ್ರ. “ನನಗೆ ಬರೆಯೋಕೆ ಬರುತ್ತೆ.”

ಪೆನ್ನನ್ನು ಎಡಗೈಗೆ ಕೊಟ್ಟರು. ಮೊದಲ ಅಕ್ಷರ ಕೆಳಕ್ಕೆ ಜಾರಿತು. ಎರಡನೆಯದು ಗೆರೆ ದಾಟಿತು. ಕಾಗದ ಸರಿಯದ ಹಾಗೆ ಗುರು ಅದರ ಅಂಚನ್ನು ತನ್ನ ಮೂರು ಬೆರಳಿನ ಕೈಯಲ್ಲಿ ಒತ್ತಿ ಹಿಡಿದ.